ಗುಡ್ಡಮ್ಮ ಊರಿದ ಆಲೂಗಡ್ಡೆ

ಶುಂಠಿ ಬಿಟ್ಟರೆ ಬೇರೆ ಗಡ್ಡೆಯೂ ಭೂಮಿಯಲ್ಲಿ ಬೆಳೆಯುತ್ತದೆ ಎಂಬುದನ್ನು ಉಜ್ಜಪ್ಪ ಒಪ್ಪಿದವನೇ ಅಲ್ಲ. ಗೆಣಸು ಎಂದರೆ "ಅದು ಹಂದಿ ತಿನ್ನೋದು" ಎನ್ನುತ್ತಿದ್ದ. ಆಲೂಗಡ್ಡೆ ಎಂದರೆ "ಅದು ಸಂತ್ಯಾಗೆ ಬೆಳೆಯೋದು" ಎನ್ನುತ್ತಿದ್ದ. ನಾನು ಹಾಸನದ ಕಡೆಯವಳು. ನಮ್ಮಪ್ಪ ಆಲೂಗಡ್ಡೆ ಬೆಳೆದೇ ನಮ್ಮನ್ನೆಲ್ಲ ಓದಿಸಿದ್ದು. ನನ್ನೆದುರು ಇಂಥ ಮಾತಾಡಿದರೆ ತಲೆಯಾಡಿಸಿಕೊಂಡು ಕೂರಲು ನಾನೇನು ಕೋಲೆಬಸವನೇ? ಬೇಲಿಯ ಈಚೆಯಿಂದ ನಾನು, ಆಚೆಯಿಂದ ಆತ, ವಾರಕ್ಕೊಮ್ಮೆಯಾದರೂ ಈ ಜಗಳ ಆಗುತ್ತಿತ್ತು. ನಡುವೆ ನಿಂತು ನಗುತ್ತಿದ್ದವಳು ಆತನ ಹೆಂಡತಿ ಗುಡ್ಡಮ್ಮ.

ನಮ್ಮದು ಶಿರಾಳಕೊಪ್ಪ ದಾಟಿ ಆನವಟ್ಟಿ ಕಡೆಗೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ನಾನು ಮದುವೆಯಾಗಿ ಬಂದು ಹದಿನೆಂಟು ವರ್ಷವಾಯಿತು, ಅಂಗನವಾಡಿ ಟೀಚರ್ ಆಗಿ ಹದಿಮೂರು. ಆದರೂ ಇಲ್ಲಿನವರಿಗೆ ನಾನು ಇನ್ನೂ "ಹಾಸನದೋರು". ಬಾಯಿ ಜೋರು ಎಂದೂ ಹೇಳುತ್ತಾರೆ. ಅದು ಸುಳ್ಳಲ್ಲ.

ಉಜ್ಜಪ್ಪನ ಅಪ್ಪನ ಕಾಲಕ್ಕೆ ಅವರದು ಕುರಿ ಕಾಯುವ ಮನೆ. ಆತನ ಕಾಲಕ್ಕೆ ಕುರಿ ಕಡಿಮೆಯಾಗಿ ಶುಂಠಿ ಬಂತು. ಆತ ಶುಂಠಿ ಮೇಸ್ತ್ರಿ. ಹದಿನೈದು ಇಪ್ಪತ್ತು ಆಳುಗಳನ್ನು ಕಟ್ಟಿಕೊಂಡು ಶಿಕಾರಿಪುರ, ಸೊರಬದ ಹೊಲಗಳಿಗೆ ಹೋಗುತ್ತಿದ್ದ. ಮಡಿ ಎತ್ತುವುದು, ಬೀಜ ಊರುವುದು, ಮಣ್ಣು ಏರಿಸುವುದು, ಕೊನೆಗೆ ಕೀಳುವುದು. ವರ್ಷವೆಲ್ಲ ಅದೇ. ಶುಂಠಿಗೆ ಕೊಳೆ ರೋಗ ಬಿದ್ದರೆ ಮೇಲೆ ಎಲೆ ಹಸಿರಾಗಿರುವಾಗಲೇ ಆತನಿಗೆ ಗೊತ್ತಾಗುತ್ತಿತ್ತು. ಒಂದು ಸುಳಿ ಹಿಡಿದು ಮೆಲ್ಲಗೆ ಎಳೆಯುವುದು, ಅದು ಬರುವ ರೀತಿ ನೋಡಿ "ಈ ಮಡಿ ಹೋತು, ಪಕ್ಕದ್ದು ಉಳಿಸ್ಕೊಳ್ರಿ" ಎನ್ನುವುದು. ಸೊರಬದ ಕಡೆಯ ದೊಡ್ಡ ಬೆಳೆಗಾರರೂ ಇದಕ್ಕಾಗಿಯೇ ಆತನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಆತ ಹೇಳಿದ್ದು ತಪ್ಪಿದ್ದನ್ನು ನಾನು ಕೇಳಿಲ್ಲ.

ಶುಂಠಿಯವರಲ್ಲಿ ಒಂದು ಪದ್ಧತಿಯಿದೆ. ಎಲೆ ಒಣಗಿ ಬಿದ್ದರೂ ಗಡ್ಡೆ ಕೀಳಲು ಅವರು ಅವಸರ ಮಾಡುವುದಿಲ್ಲ. ಕಿತ್ತು ಮನೆಯಲ್ಲಿಟ್ಟರೆ ಸೊರಗುತ್ತದೆ, ನೆಲದಲ್ಲೇ ಬಿಟ್ಟರೆ ಗಟ್ಟಿಯಾಗುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಬಿಡುತ್ತಾರೆ, ಮನಸ್ಸಾದಾಗ ಕೀಳುತ್ತಾರೆ. "ಗಡ್ಡೆ ನೆಲದಾಗಿದ್ರೆ ಹೆಣ್ಣುಮಗಳು ತವರಾಗೆ ಇದ್ದಂಗೆ, ಚಿಂತಿಲ್ಲ" ಎಂದು ಉಜ್ಜಪ್ಪ ಹೊಸ ಆಳುಗಳಿಗೆ ಹೇಳಿಕೊಡುತ್ತಿದ್ದ.

ಗುಡ್ಡಮ್ಮ ಸೊರಬದ ಗುಡವಿ ಕಡೆಯವಳು, ಗಂಡನಿಗೆ ಸೋದರಮಾವನ ಮಗಳು. ಆಡಿ ಬೆಳೆದವರಾದ್ದರಿಂದ ಗಂಡನನ್ನು ನೀನು ಎಂದೇ ಕರೆಯುತ್ತಿದ್ದಳು. ಒಮ್ಮೆ ನನ್ನ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ನನ್ನ ಜೊತೆ ಹಾಸನಕ್ಕೆ ಬಂದಿದ್ದಳು. ಅಲ್ಲಿ ಹೊಲದಿಂದ ಆಗಷ್ಟೇ ಕಿತ್ತ ಆಲೂಗಡ್ಡೆಯನ್ನು ನಮ್ಮತ್ತಿಗೆ ಉಪ್ಪು ಹಾಕಿ ಬೇಯಿಸಿ ಕೊಟ್ಟಳು. ಆರು ತಿಂದಳು ಗುಡ್ಡಮ್ಮ. ಸಿಪ್ಪೆ ಸಮೇತ ತಿಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಅರಸೀಕೆರೆಯವರೆಗೂ ಅದರದೇ ಮಾತು.

"ನಾವು ಇಷ್ಟು ವರ್ಸ ತಿಂದಿದ್ದು ಎಂತದು ಹಂಗಾದ್ರೆ, ಟೀಚರೇ?" ಎಂದು ಕೇಳಿದಳು.

"ಅದೂ ಆಲೂಗಡ್ಡೆನೇ ಕಣ್ರೀ. ಹಳೇದು" ಎಂದೆ.

ಅಂದಿನಿಂದ ಆಕೆಗೆ ಹಿತ್ತಲಿನಲ್ಲಿ ಆಲೂಗಡ್ಡೆ ಹಾಕಬೇಕೆಂಬ ಹುಚ್ಚು ಹಿಡಿಯಿತು. ಹಿತ್ತಲಿನಲ್ಲಿ ಇದ್ದದ್ದು ಒಂದೇ ಒಳ್ಳೆಯ ಜಾಗ, ಅಲ್ಲಿ ಉಜ್ಜಪ್ಪ ಪ್ರತಿವರ್ಷ ಬೀಜದ ಶುಂಠಿ ಇಡುವ ಗುಂಡಿ ತೋಡುತ್ತಿದ್ದ. ನಾಲ್ಕು ವರ್ಷ ಕೇಳಿ ಕೇಳಿ, ಐದನೇ ವರ್ಷ ಆಕೆ ಕೇಳುವುದನ್ನೇ ಬಿಟ್ಟು ಗುಂಡಿ ಮುಚ್ಚಿಬಿಟ್ಟಳು. ಅದು ಕಳೆದ ಮೇ ತಿಂಗಳು. ನಾನು ತವರಿಗೆ ಹೋದವಳು ಬರುವಾಗ ಒಂದು ಬಟ್ಟೆ ಚೀಲದಲ್ಲಿ ಬಿತ್ತನೆ ಆಲೂಗಡ್ಡೆ ತಂದುಕೊಟ್ಟೆ. ಅದನ್ನು ಕಣ್ಣು ನೋಡಿ ಹೋಳು ಮಾಡುವುದು ಹೇಗೆ, ಕೊಯ್ದ ಭಾಗಕ್ಕೆ ಒಲೆಯ ಬೂದಿ ಸವರಿ ನೆರಳಿನಲ್ಲಿ ಒಂದು ದಿನ ಆರಿಸುವುದು ಹೇಗೆ ಎಂದು ತೋರಿಸಿದೆ. ಜೂನ್ ಮೊದಲ ವಾರ ಊರಿದಳು. ನಾಲ್ಕು ಸಾಲು.

ಉಜ್ಜಪ್ಪ ಹಿತ್ತಲ ಬಾಗಿಲಲ್ಲಿ ಬೀಡಿ ಹಚ್ಚಿಕೊಂಡು ನಿಂತಿದ್ದ. "ಹಾಸನದ ಗಾಳಿ ಬಡದೈತಿ ಇವಳಿಗೆ. ಯಾರಾರ ಮಂತ್ರ ಹಾಕಿಸ್ರೀ" ಎಂದ.

"ಎಂತಕ್ಕೆ ನಗ್ತೀಯ? ಕೀಳೋ ದಿನ ನೀನೇ ಕೀಳು ಬಾ, ದೊಡ್ಡ ಮೇಸ್ತ್ರಿ. ಆವಾಗ ನಗು" ಎಂದಳು ಗುಡ್ಡಮ್ಮ, ತಲೆ ಎತ್ತದೆ.

ಮೂವತ್ತೇಳು ಗಿಡ ಎದ್ದವು. ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನನ್ನನ್ನು ಕರೆಯುತ್ತಿದ್ದಳು. ನಾನು ಅಂಗನವಾಡಿಗೆ ಮೊಟ್ಟೆ ಲೆಕ್ಕ ಹಾಕಿಕೊಂಡು ಹೊರಡುವ ಗಡಿಬಿಡಿಯಲ್ಲಿರುತ್ತಿದ್ದೆ. "ನಾಳೆ ನೋಡ್ತೀನಿ ಗುಡ್ಡಮ್ಮ" ಎಂದು ಎಷ್ಟೋ ದಿನ ಹೇಳಿದ್ದೇನೆ.

ಜುಲೈ ಹದಿನೆಂಟು, ಗುರುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಆಕೆ ಕುಸಿದು ಬಿದ್ದಳು. ಆಟೋದಲ್ಲಿ ಮಲಗಿಸಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಹಾರ್ಟು ಎಂದರು ಡಾಕ್ಟರು. ವಯಸ್ಸು ಐವತ್ತು ಕೂಡ ಆಗಿರಲಿಲ್ಲ. ಉಜ್ಜಪ್ಪ ಆಗ ಆನವಟ್ಟಿಯ ಆಚೆ ಒಂದು ಹೊಲದಲ್ಲಿ ಶುಂಠಿಗೆ ಮಣ್ಣು ಏರಿಸುವ ಕೆಲಸದಲ್ಲಿದ್ದ. ಫೋನ್ ಮಾಡಿದ್ದು ನಾನೇ. ಯಾರದೋ ಬೈಕಿನ ಹಿಂದೆ ಕೂತು ಬಂದ. ಕಾಲಿನ ಕೆಸರು ಒಣಗಿ ಮೊಣಕಾಲವರೆಗೂ ಬೆಳ್ಳಗಾಗಿತ್ತು. ಹೆಣದ ಮುಖ ನೋಡಿದ. "ಎಷ್ಟೊತ್ತಿಗೆ ಹೋತು?" ಎಂದು ನನ್ನನ್ನು ಕೇಳಿದ. ಹೇಳಿದೆ. "ಹ್ಞೂಂ" ಎಂದು ಕಾಲು ತೊಳೆಯಲು ಹೋದ.

ಆತ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಇಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದ ನೆಂಟರು ಒಬ್ಬೊಬ್ಬರಾಗಿ ಪಕ್ಕ ಕೂತು, ಬೆನ್ನು ಸವರಿ, ಸತ್ತವಳ ಗುಣ ಹೇಳಿ, ಹೇಗಾದರೂ ಒಂದು ಹನಿ ಉದುರಿಸಬೇಕೆಂದು ನೋಡಿದರು. "ಊಟ ಆತೇನ್ರಿ? ಸಾರಿಗೆ ಉಪ್ಪು ಸರಿ ಇತ್ತಾ?" ಎಂದು ಕೇಳಿ ಆತ ಎದ್ದು ಹೋದ. ಓಣಿಯ ಹೆಂಗಸರು ಕಲ್ಲು ಎಂದರು. ನನಗೂ ಸಿಟ್ಟೇ ಬಂದಿತ್ತು. ನನ್ನ ಗಂಡನಿಗೆ ಹೇಳಿದೆ, ನಾನು ಸತ್ತರೆ ನೀವೂ ಹೀಗೇ ಉಪ್ಪು ವಿಚಾರಿಸಿದರೆ ದೆವ್ವವಾಗಿ ಬರುತ್ತೇನೆ ಎಂದು.

ಮಗಳು ಪ್ರಮೀಳಾ ಆನವಟ್ಟಿಗೆ ಕೊಟ್ಟವಳು, ಆಗ ತುಂಬು ಬಸುರಿ. ತಾಯಿಯ ಮುಖ ನೋಡಿ ಅವತ್ತೇ ವಾಪಸು ಹೋದಳು. ಬಾಣಂತನಕ್ಕೆ ತವರಿಗೆ ಬರಬೇಕಾಗಿತ್ತು. ಈಗ ಅಲ್ಲಿ ಯಾರು ಮಾಡುತ್ತಾರೆ ಎಂದು ಅತ್ತೆ ಮನೆಯವರೇ ಇಟ್ಟುಕೊಂಡರು. ಹನ್ನೆರಡನೇ ದಿನ ಉಜ್ಜಪ್ಪ ಕೆಲಸಕ್ಕೆ ಹೊರಟ. ಬೆಳಿಗ್ಗೆ ಅನ್ನ ಮಾಡುತ್ತಿದ್ದ, ಅದನ್ನೇ ಬುತ್ತಿ ಕಟ್ಟುತ್ತಿದ್ದ, ಸಂಜೆ ಉಳಿದದ್ದನ್ನು ಉಣ್ಣುತ್ತಿದ್ದ. ನಾನು ಪಲ್ಯ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ. ಪಾತ್ರೆ ತೊಳೆದು ಬೇಲಿಯ ಗೂಟದ ಮೇಲೆ ಬೋರಲು ಹಾಕುತ್ತಿದ್ದ. ಚೆನ್ನಾಗಿತ್ತು ಎನ್ನಲಿಲ್ಲ, ಖಾರ ಎನ್ನಲಿಲ್ಲ. ಒಮ್ಮೆ ನಾನು ಬೇಕೆಂದೇ ಉಪ್ಪಿಲ್ಲದ ಪಲ್ಯ ಕೊಟ್ಟೆ, ಅದನ್ನೂ ಉಂಡು ತೊಳೆದಿಟ್ಟ. ಅವತ್ತು ನನ್ನ ಸಿಟ್ಟು ಇಳಿದು ಹೆದರಿಕೆ ಶುರುವಾಯಿತು.

ಆಲೂಗಡ್ಡೆ ಸಾಲು ಮಾತ್ರ ಆತ ಮರೆಯಲಿಲ್ಲ. ಕೆಲಸಕ್ಕೆ ಹೋಗುವ ಮೊದಲು ಹಿತ್ತಲಿಗೆ ಬಂದು ಕಳೆ ತೆಗೆಯುತ್ತಿದ್ದ. ಬುಡಕ್ಕೆ ಎರಡನೇ ಸಲ ಮಣ್ಣು ಏರಿಸಿದ. ಮೇಸ್ತ್ರಿಯ ಕೈ, ಸಾಲು ನೂಲು ಹಿಡಿದಷ್ಟು ನೇರ. ಶುಂಠಿಗೆ ಮಾಡುವ ಹಾಗೆ ಸುತ್ತ ನೀರು ಹೋಗಲು ಕಾಲುವೆ ತೆಗೆದ, ಒಣಗಿದ ಎಲೆಯ ದರಗು ತಂದು ಮೇಲೆ ಹೊದಿಸಿದ. ಆಗಸ್ಟಿನಲ್ಲಿ ಹೂ ಬಂತು. ಒಂದು ದಿನ ತಾನಾಗಿ ಬೇಲಿಯ ಹತ್ತಿರ ಬಂದು ಕೇಳಿದ, "ಟೀಚರೇ, ಇದು ಹೂ ಬಿಟ್ಟೈತಿ. ಚಿವುಟಬೇಕಾ?"

ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ಆತ ನನ್ನ ಬಳಿ ಕೇಳಿದ ಮೊದಲ ಪ್ರಶ್ನೆ ಅದು. ಬೇಡ, ಇರಲಿ ಎಂದೆ.

"ಹಿರೇರ ಹಬ್ಬಕ್ಕೆ ಇದು ಬರತೈತಾ?"

ಬರುತ್ತದೆ, ಅದಕ್ಕೂ ಮೊದಲೇ ಬರುತ್ತದೆ ಎಂದೆ.

ಮಹಾಲಯ ಅಮಾವಾಸ್ಯೆಯ ದಿನ ಇಲ್ಲಿ ಸತ್ತ ಹಿರಿಯರಿಗೆಲ್ಲ ಎಡೆ ಹಾಕುತ್ತಾರೆ. ಬಾಳೆ ಎಲೆಗಳನ್ನು ಸಾಲಾಗಿ ಹಾಸಿ, ಅವರವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕುತ್ತಾರೆ. ಉಜ್ಜಪ್ಪನ ಮನೆತನದಲ್ಲಿ ಆ ವರ್ಷ ತೀರಿಕೊಂಡವರಿಗೆ ಹೊಸ ಎಡೆ ಎಂದು ಬೇರೆ ಎಲೆ. ಆ ಎಲೆಯ ಮೇಲೆ ಹಳತು ಏನೂ ಇರಬಾರದು. ಅಕ್ಕಿ ಅಂದೇ ತೊಳೆದದ್ದು, ಕಾಯಿ ಅಂದೇ ಒಡೆದದ್ದು, ತರಕಾರಿ ಅಂದೇ ಕಿತ್ತದ್ದು.

"ಹೊಸ ಎಡಿಗೆ ಇದನ್ನೇ ಇಡೋದು ಟೀಚರೇ. ಅವತ್ತೇ ಕಿತ್ತು, ಅವತ್ತೇ ಬೇಯಿಸಿ. ನಾನೇ ಕೀಳಬೇಕಂತ ಹೇಳಿದ್ಲಲ್ಲ" ಎಂದ. ಸ್ವಲ್ಪ ಹೊತ್ತು ಗಿಡ ನೋಡುತ್ತ ನಿಂತ. "ಅವಳಿಗೆ ನಾನು ಇದೊಂದು ಮಾಡಬೇಕು" ಎಂದ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ದನಿಯಲ್ಲಿ ಹೇಳಿದ. ಆದರೂ ನನಗೆ ಅರ್ಥವಾಯಿತು. ಆತನೊಳಗೆ ಇನ್ನೂ ಉಸಿರಾಡುತ್ತಿದ್ದದ್ದು ಅದೊಂದೇ.

ಆ ವರ್ಷ ಅಮಾವಾಸ್ಯೆ ಅಕ್ಟೋಬರ್ ಎರಡಕ್ಕೆ ಬಿದ್ದಿತ್ತು. ಆಲೂಗಡ್ಡೆ ಬಲಿತದ್ದು ಸೆಪ್ಟೆಂಬರ್ ಮೊದಲ ವಾರದಲ್ಲೇ. ಎಲೆ ಹಳದಿಯಾಗಿ ದಂಟು ನೆಲಕ್ಕೆ ಬಿತ್ತು. ನಾನು ಬೇಲಿಯ ಹತ್ತಿರ ಹೋದೆ.

"ಉಜ್ಜಪ್ಪಣ್ಣ, ಇನ್ನು ಕಿತ್ತುಬಿಡಿ. ತೊಂಬತ್ತು ದಿನ ಆಯ್ತು."

"ಕೀಳದು ಅಮಾಸಿ ದಿನ."

"ಅಲ್ಲೀವರೆಗೆ ಇರಲ್ಲ ಕಣ್ರೀ. ಮಳೆ ಬಂದ್ರೆ ಒಳಗೇ ಕೊಳೀತದೆ. ಈಗ ಕಿತ್ತು, ಮಣ್ಣು ಒರೆಸಿ, ಕತ್ತಲೆ ಮೂಲೇಲಿ ಮರಳಿನ ಮೇಲೆ ಹರಡಿ. ಎರಡು ತಿಂಗಳಾದ್ರೂ ಏನೂ ಆಗಲ್ಲ."

"ಕಿತ್ತು ಒಳಗಿಟ್ಟಿದ್ದು ಹಳೇದು. ಹೊಸ ಎಡಿಗೆ ಹಳೇದು ಇಡಂಗಿಲ್ಲ. ಶುಂಠಿ ಎಲೆ ಒಣಗಿದ ಮ್ಯಾಲೆ ಮೂರು ತಿಂಗಳು ಬಿಡ್ತೀವಿ. ಏನಾಗೈತಿ?"

"ಅದು ಶುಂಠಿ. ಇದು ಆಲೂಗಡ್ಡೆ."

"ಎರಡೂ ಗಡ್ಡೆನೇ ಅಲ್ಲೇನ್ರಿ? ತಾಳಿದವನು ಬಾಳಿಯಾನು ಟೀಚರೇ."

"ನಿಮ್ಮ ಗಾದೆ ಆಲೂಗಡ್ಡೆಗೆ ಗೊತ್ತಿಲ್ಲ" ಎಂದೆ.

ಆತ ದರಗು ಸರಿಮಾಡತೊಡಗಿದ. ಮೊದಲಾಗಿದ್ದರೆ ಇಷ್ಟಕ್ಕೆ ನಾಲ್ಕು ಮಾತು ಬರುತ್ತಿತ್ತು, ನಾನು ಎಂಟು ಕೊಡುತ್ತಿದ್ದೆ, ಗುಡ್ಡಮ್ಮ ನಗುತ್ತಿದ್ದಳು. ಈಗ ಗೋಡೆಗೆ ಹೇಳಿದ ಹಾಗಿತ್ತು. ನನಗೆ ರೇಗಿತು. ಹಿತ್ತಲ ಗಿಡ ಮದ್ದಲ್ಲ, ಪಕ್ಕದ ಮನೆಯವಳ ಮಾತು ಮಾತಲ್ಲ, ಹಾಳಾಗಿ ಹೋಗಲಿ ಎಂದುಕೊಂಡು ಒಳಗೆ ಬಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ಸೆಪ್ಟೆಂಬರ್ ಹದಿನೈದರ ಸುಮಾರಿಗೆ ಉತ್ತರೆ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಉಜ್ಜಪ್ಪ ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಹಿತ್ತಲಿನ ಕಾಲುವೆಯ ಹೂಳು ತೆಗೆಯುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ನೀರು ನಿಲ್ಲಲು ಆತ ಬಿಡಲಿಲ್ಲ, ಅದನ್ನು ಒಪ್ಪಬೇಕು. ಆದರೆ ಆ ದರಗು ನೆನೆದು ಕಂಬಳಿಯ ಹಾಗೆ ಮಡಿಯ ಮೇಲೆ ಕೂತಿತ್ತು, ಅದರ ಕೆಳಗೆ ಮಣ್ಣು ಆರುವುದು ಹೇಗೆ? ಆತ ಒಣಗಿದ ದಂಟುಗಳನ್ನು ಹಿಡಿದು ಎಳೆದೂ ನೋಡಿದ. ಸಲೀಸಾಗಿ ಕೈಗೆ ಬಂದವು. ಹಸಿರು ಸುಳಿ ಹಾಗೆ ಬಂದರೆ ಕೊಳೆ. ಒಣಗಿದ ದಂಟು ಶುಂಠಿಯಲ್ಲೂ ಹಾಗೇ ಬರುತ್ತದೆ. ಅದಕ್ಕೆ ಆತನಿಗೆ ಅನುಮಾನ ಬರಲಿಲ್ಲ.

ನಾನು ಬೇಲಿ ದಾಟಿ ಒಂದು ಬುಡಕ್ಕೆ ಕೈ ಹಾಕಿ ನೋಡಬಹುದಿತ್ತು. ಎರಡು ಹೆಜ್ಜೆ. ಮಳೆ ನಿಂತ ದಿನ ಹಾಗೆ ಅನಿಸಿಯೂ ಇತ್ತು. ನನ್ನ ಮಾತಿಗೆ ಬೆಲೆ ಕೊಡದವನಿಗೆ ನಾನೇಕೆ ಎಂಬ ಜಂಬದಲ್ಲಿ ಹೋಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದು ಹೀಗೇ ನಡೆದದ್ದು.

ಅಮಾವಾಸ್ಯೆಯ ಹಿಂದಿನ ದಿನ ಗುಡ್ಡಮ್ಮನ ತಂಗಿ ಹುಲಿಗೆಮ್ಮ ಗುಡವಿ ಕಡೆಯಿಂದ ಬಸ್ಸು ಬದಲಿಸಿಕೊಂಡು ಬಂದಳು. ಅಕ್ಕನ ಎಡೆಗೆಂದು ಹಸಿರು ಸೀರೆ, ಬಳೆ ತಂದಿದ್ದಳು. ಮುತ್ತೈದೆಯಾಗಿ ಹೋದವಳು, ಹಸಿರೇ ಆಗಬೇಕು. ಬೆಳಿಗ್ಗೆ ನಾನೂ ಸಹಾಯಕ್ಕೆ ಹೋದೆ. ಹುಲಿಗೆಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಒಲೆಯ ಮೇಲೆ ಕುರಿ ಸಾರು ಕುದಿಯುತ್ತಿತ್ತು. ಉಜ್ಜಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹೊಸ ಬಿದಿರು ಬುಟ್ಟಿ ಮತ್ತು ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದ. ನಾನು ಹಿಂದೆ ಹೋದೆ.

ಮೊದಲ ಬುಡದ ಪಕ್ಕ ಕೂತು, ದರಗು ಸರಿಸಿ, ಗಡ್ಡೆಗೆ ಪೆಟ್ಟಾಗದ ಹಾಗೆ ಓರೆಯಾಗಿ ಗುದ್ದಲಿ ಇಳಿಸಿ ಮೀಟಿದ. ಮಣ್ಣು ಬಿಚ್ಚಿಕೊಂಡಿತು. ವಾಸನೆ ಬಂತು.

ಆಲೂಗಡ್ಡೆ ಕೊಳೆತ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಸೆರಗು ಮೂಗಿಗೆ ಹಿಡಿದೆ. ಉಜ್ಜಪ್ಪ ಕೈ ಹಾಕಿ ಒಂದನ್ನು ಎತ್ತಿದ. ಮೇಲೆ ಸಿಪ್ಪೆ ಸರಿಯಾಗಿಯೇ ಇತ್ತು, ಮುಷ್ಟಿಯಷ್ಟು ದಪ್ಪ. ಬೆರಳು ತಾಕಿದ್ದೇ ತಡ, ಒಡೆದು ಬೆಳ್ಳನೆಯ ನೀರು ಮೊಣಕೈವರೆಗೂ ಇಳಿಯಿತು. ಕೈ ಕೊಡವಿ ಎರಡನೇ ಬುಡಕ್ಕೆ ಹೋದ. ಅಲ್ಲೂ ಅದೇ. ಮೂರನೆಯದು, ನಾಲ್ಕನೆಯದು. ಬೆಳೆ ಎಷ್ಟು ಚೆನ್ನಾಗಿ ಬಂದಿತ್ತು ಎಂಬುದು ಕೊಳೆತದ್ದನ್ನು ನೋಡಿದರೂ ಗೊತ್ತಾಗುತ್ತಿತ್ತು. ಬುಡಕ್ಕೆ ಎಂಟು, ಹತ್ತು. ನಮ್ಮ ಹಾಸನದ ಹೊಲದಲ್ಲೂ ಅಷ್ಟು ಬಂದದ್ದು ಅಪರೂಪ.

ಎರಡನೇ ಸಾಲು ಮುಗಿಯುವ ಹೊತ್ತಿಗೆ ಹುಲಿಗೆಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. "ಸಾಕು ಬಿಡು ಭಾವ. ಮೈಲಿಗೆ ಆಗ್ತೀಯ" ಎಂದಳು. ಆತ ಕೇಳಿಸಿಕೊಳ್ಳಲಿಲ್ಲ. ಮೂವತ್ತೇಳು ಬುಡವನ್ನೂ ಕಿತ್ತ. ಅವಸರವಿಲ್ಲದೆ, ಪ್ರತಿ ಬುಡವನ್ನೂ ಮೊದಲನೆಯದರಷ್ಟೇ ಜೋಪಾನವಾಗಿ ಕಿತ್ತ. ಕೊನೆಯ ಸಾಲಿನ ಅಂಚಿನಲ್ಲಿ, ಮಣ್ಣು ಕೊಚ್ಚಿಹೋಗಿ ಬಿಸಿಲು ಬಿದ್ದಿದ್ದ ಕಡೆ, ಗೋಲಿಯಷ್ಟಿದ್ದ ಮೂರು ಗಟ್ಟಿಯಾಗಿ ಸಿಕ್ಕವು. ಪಂಚೆಗೆ ಒರೆಸಿ ಅಂಗೈಯಲ್ಲಿ ಹಿಡಿದು ನನ್ನ ಕಡೆ ಚಾಚಿದ.

"ಇವು ಆಗ್ತಾವಾ, ಟೀಚರೇ?"

"ಹಸಿರಾಗಿದ್ದಾವೆ. ಹಸಿರಾದ್ದು ವಿಷ, ತಿನ್ನಬಾರದು" ಎಂದೆ.

ಅವತ್ತಾದರೂ ಒಂದು ಸುಳ್ಳು ಹೇಳಬಹುದಿತ್ತು. ಸತ್ತವಳಿಗೆ ವಿಷವೇನು, ಅಮೃತವೇನು? ಬಾಯಿ ಇರುವುದೇ ಹೀಗೆ, ಏನು ಮಾಡಲಿ. ಆತ ತಲೆಯಾಡಿಸಿ ಅವನ್ನು ಬೇಲಿಯ ಬುಡಕ್ಕೆ ಹಾಕಿದ. ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಮತ್ತೊಮ್ಮೆ ಸ್ನಾನ ಮಾಡಿದ. ಸೋಪು ಹಾಕಿ ಮೂರು ಸಲ ಕೈ ತೊಳೆದ. ವಾಸನೆ ಹೋಗಲಿಲ್ಲ.

ಹುಲಿಗೆಮ್ಮ ಬರುವಾಗ ಆನವಟ್ಟಿಯಲ್ಲಿ ಬಸ್ಸು ಇಳಿದು ಒಂದು ಕೆ.ಜಿ. ಆಲೂಗಡ್ಡೆ ತಂದಿದ್ದಳು. ಇರಲಿ ಎಂದು ತಂದದ್ದು. ಈಗ ಅದನ್ನೇ ಬೇಯಿಸಿ ಪಲ್ಯ ಮಾಡಿದಳು. "ದೇವ್ರಿಗೆ ಗೊತ್ತಾಗ್ತದೆ ಭಾವ. ಆಲೂಗಡ್ಡೆ ಆಲೂಗಡ್ಡೆನೇ" ಎಂದು ಹೊಸ ಎಡೆಯ ಎಲೆಗೆ ಬಡಿಸಿದಳು. ಉಜ್ಜಪ್ಪ ಬೇಡ ಎನ್ನಲಿಲ್ಲ. ಹಸಿರು ಸೀರೆಯ ಮೇಲೆ ಬಳೆ ಇಟ್ಟ, ಧೂಪ ಹಾಕಿದ, ಕಾಯಿ ಒಡೆದ. ಮುಖದಲ್ಲಿ ಏನೂ ಇರಲಿಲ್ಲ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿದವರು ಒಳಗೆ ಇರಬಾರದು. ಒಂದಿಷ್ಟು ಹೊತ್ತು ಬಿಟ್ಟು, ಚಪ್ಪಾಳೆ ತಟ್ಟಿ, ಬಾಗಿಲು ತೆಗೆದು ಒಳಗೆ ಹೋಗಬೇಕು. ನಾವೆಲ್ಲ ಎದ್ದೆವು. ಉಜ್ಜಪ್ಪ ಏಳಲಿಲ್ಲ.

"ಭಾವ, ಹೊರಗೆ ಬಾ."

"ನೀವು ಹೋಗ್ರಿ. ನಾನಿಲ್ಲೇ ಇರ್ತೀನಿ."

"ಹಂಗೆಲ್ಲ ಮಾಡಬಾರ್ದು. ನೀನಿದ್ರೆ ಅಕ್ಕ ಎಡೆ ಮುಟ್ಟಲ್ಲ."

"ಮುಟ್ಟದಿದ್ರೆ ಬ್ಯಾಡ. ನಂಗೆ ಅವಳ ತಾವ ಒಂದು ಮಾತೈತಿ."

ಹುಲಿಗೆಮ್ಮ ನನ್ನ ಮುಖ ನೋಡಿದಳು. ಆಕೆ ಬಾಗಿಲು ಎಳೆದುಕೊಂಡಳು. ಜಗುಲಿಯ ಮೇಲೆ ಆಕೆ, ನಾನು, ಉಜ್ಜಪ್ಪನ ಇಬ್ಬರು ದಾಯಾದಿಗಳು ಕೂತೆವು. ಒಳಗಿನಿಂದ ಉಜ್ಜಪ್ಪನ ಮಾತು ಬಂತು. ಬಾಗಿಲು ಹಳೆಯದು, ಸಂದು ದೊಡ್ಡದು. ಬೇಡವೆಂದರೂ ಕೇಳಿಸುತ್ತಿತ್ತು.

"ಗುಡ್ಡಿ" ಎಂದ. "ಮಂಗಳವಾರ ನೀ ಹೇಳಿದ್ದಿ. ಎದಿ ಉರೀತೈತಿ ಅಂದಿ. ಎಡಗೈ ಎತ್ತಕ್ಕಾಗಲ್ದು ಅಂದಿ. ಶುಕ್ರವಾರಕ್ಕೆ ಆ ಹೊಲದ ಕೆಲಸ ಮುಗೀತೈತಿ, ಶನಿವಾರ ಶಿಕಾರಿಪುರಕ್ಕೆ ಕರ್ಕಂಡು ಹೋಗ್ತೀನಿ, ತಡಿ ಅಂದೆ ನಾನು. ಎಲ್ಲಿ ಓಡಿ ಹೋಗತೈತಿ ಅಂದೆ. ನೀ ಹ್ಞೂಂ ಅಂದಿ. ಗುರುವಾರ ಹೋಗಿಬಿಟ್ಟಿ."

ದನಿ ಏರಲಿಲ್ಲ, ಇಳಿಯಲಿಲ್ಲ.

"ಇದೊಂದಾರ ಹೊತ್ತಿಗೆ ಸರಿಯಾಗಿ ಮಾಡಣ ಅಂತಿದ್ದೆ. ಟೀಚರು ಹೇಳಿದ್ರು. ಇದಕ್ಕೂ ತಡಿ ಅಂದೆ."

ದಾಯಾದಿಗಳಲ್ಲಿ ಒಬ್ಬ ಎದ್ದು ಅಂಗಳಕ್ಕೆ ಇಳಿದು ಬೇರೆ ಕಡೆ ನೋಡುತ್ತ ನಿಂತ. ಎದೆನೋವಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಆರೋಗ್ಯವಾಗಿದ್ದವಳು ಒಮ್ಮೆಲೇ ಬಿದ್ದಳು ಎಂದೇ ನಾವು ತಿಳಿದಿದ್ದೆವು. ಹುಲಿಗೆಮ್ಮನ ಮುಖ ನೋಡಲು ನನಗೆ ಭಯವಾಯಿತು. ಒಡಹುಟ್ಟಿದವಳು. ಈ ಮಾತು ಕೇಳಿ ಒಳಗೆ ಹೋಗಿ ಭಾವನ ಕೆನ್ನೆಗೆ ಎರಡು ಬಾರಿಸಿದರೂ ತಪ್ಪಿಲ್ಲ, ನಾನಾಗಿದ್ದರೆ ಬಾರಿಸುತ್ತಿದ್ದೆ.

ಆಕೆ ಎದ್ದಳು. ಹೊತ್ತು ಇನ್ನೂ ಆಗಿರಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ, ಬಾಗಿಲು ತಳ್ಳಿದಳು. ಉಜ್ಜಪ್ಪ ಹೊಸ ಎಡೆಯ ಮುಂದೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದ. ಹುಲಿಗೆಮ್ಮ ಎದುರಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ನಾನು ಹೊಸ್ತಿಲಲ್ಲೇ ನಿಂತೆ.

"ನಂಗೂ ಫೋನ್ ಮಾಡಿದ್ಲು ಭಾವ" ಎಂದಳು.

ಆತ ತಲೆ ಎತ್ತಿದ.

"ಎದೆ ಉರೀತದೆ ಕಣೇ ಅಂದ್ಲು. ಗ್ಯಾಸು ಇರ್ಬೇಕು, ಜೀರಿಗೆ ನೀರು ಕುಡಿ ಅಂದೆ. ಆಮೇಲೆ ನಮ್ಮನೆ ಎಮ್ಮೆ ಕರ ಹಾಕಿದ್ದು ಹೇಳ್ಕಂಡು ಅರ್ಧ ಗಂಟೆ ಮಾತಾಡ್ದೆ. ಅವ್ಳು ಕೇಳ್ಕಂಡಿದ್ಲು. ಯಾರ ಹತ್ರನೂ ಹೇಳಿಲ್ಲ ನಾನು ಇದನ್ನ."

"ಯಾವತ್ತು?"

"ಸೋಮವಾರ."

"ಸೋಮವಾರನಾ?"

"ಹ್ಞೂಂ. ಬೆಳಿಗ್ಗೆ. ನೀ ಕೆಲ್ಸಕ್ಕೆ ಹೋದ ಮೇಲೆ ಮಾಡಿದ್ಲು."

ಉಜ್ಜಪ್ಪ ಬೆರಳು ಮಡಚಿದ. ಸೋಮವಾರ, ಮಂಗಳವಾರ. ಮತ್ತೊಮ್ಮೆ ಮಡಚಿ ನೋಡಿದ.

"ಸೋಮವಾರ ಸಂಜಿ ನಾ ಬಂದಾಗ ಬಿಸಿನೀರು ಕಾಸಿ ಕೊಟ್ಲು. ರೊಟ್ಟಿ ಮಾಡಿದ್ಲು. ಏನೂ ಹೇಳಲಿಲ್ಲ" ಎಂದ. "ಒಂದಿಡೀ ದಿನ ನಂಗೆ ಹೇಳದಂಗೆ ತಡಕಂಡಿದ್ಲು ನೋಡು" ಎಂದವನು, ಕೊಳೆತ ವಾಸನೆಯ ಆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತ.